ನಮ್ಮ ಬೆಲ್ಲಕ್ಕೆ ನಮ್ಮದೇ ಹೆಸರು

(ಸಹಕಾರ ಸಪ್ತಾಹದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನ ಕಷ್ಟವೆಲ್ಲ ಸಾಲದ್ದಾಗಿತ್ತು. ಸಾಹುಕಾರನ ಬಾಗಿಲು ತಪ್ಪಿದರೆ ಸಾಕಪ್ಪಾ ಅನ್ನುವ ಕಾಲ. ಆ ಕೆಲಸವನ್ನು ನಮ್ಮ ಸಂಘವೂ ಇಪ್ಪತ್ತೈದು ವರ್ಷದಿಂದ ತನ್ನ ಶಕ್ತ್ಯಾನುಸಾರ ಮಾಡಿಕೊಂಡು ಬಂದಿದೆ. ಬೆಳೆ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ಪಡಿತರ ಕೊಟ್ಟಿದೆ. ಆದರೆ ಬೆಳೆದದ್ದನ್ನು ಮಾರುವ ಹೊತ್ತಿಗೆ ನಾವು ನಾವೇ, ಸಂಘ ಸಂಘವೇ. ಬೆಲ್ಲದ ಗಾಡಿ ಮಂಡ್ಯದ ಮಾರುಕಟ್ಟೆಗೆ ಹೋಯಿತೆಂದರೆ ಅದು ಯಾರ ಗದ್ದೆಯ ಕಬ್ಬು, ಯಾರ ಆಲೆಮನೆಯ ಪಾಕ ಎಂದು ಕೇಳುವವರಿಲ್ಲ. ಅಧ್ಯಕ್ಷರು ನಮಗೆ ಈ ಹೊತ್ತು ಒಪ್ಪಿಸಿರುವ ವಿಷಯ ಇದೇ: ನಮ್ಮ ಬೆಲ್ಲವನ್ನು ನಮ್ಮದೇ ಹೆಸರಿನಲ್ಲಿ, ಆನ್‌ಲೈನ್ ಮೂಲಕ ಮಾರಬಹುದೇ, ಮಾರಿದರೆ ಹೇಗೆ.

ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಈ ವಿಷಯ ಮಾತಾಡಲು ನೀವ್ಯಾರು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮೊಬೈಲಿನಲ್ಲಿ ಒತ್ತುವುದನ್ನು ಮಕ್ಕಳು ತೋರಿಸಿದರು, ಲೆಕ್ಕ ನಾವು ಹಾಕಿದೆವು. ಒತ್ತುವುದು ಸುಲಭ. ಲೆಕ್ಕವೇ ಇಲ್ಲಿ ಮುಖ್ಯ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಪೇಟೆಯಲ್ಲಿ ಇದಕ್ಕೆ ಪ್ರೈವೇಟ್ ಲೇಬಲ್ ಎನ್ನುತ್ತಾರೆ. ಮಾಲು ಮಾಡುವವನು ಒಬ್ಬ, ಅದರ ಮೇಲೆ ಹೆಸರು ಅಂಟಿಸಿ ಮಾರುವವನು ಇನ್ನೊಬ್ಬ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಿಗ್‌ಬ್ಯಾಸ್ಕೆಟ್‌ನವರು ಬೇಳೆ, ಅಕ್ಕಿ ಇತ್ಯಾದಿಗಳನ್ನು ಬಿಬಿ ರಾಯಲ್ ಎಂಬ ತಮ್ಮದೇ ಹೆಸರಿನಲ್ಲಿ ಮಾರುತ್ತಾರೆ. ಅವರೇನು ತೊಗರಿ ಬಿತ್ತಿದವರಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಅದೊಂದು ವ್ಯಾಪಾರದ ರೀತಿ. ಆದರೆ ಗಿರಾಕಿಗೆ ನೆನಪಿರುವುದು ಚೀಲದ ಮೇಲಿನ ಹೆಸರು. ಚೀಲದೊಳಗಿನ ಬೆಲ್ಲ ಈ ವರ್ಷ ನಮ್ಮೂರಿಂದ ಹೋದರೆ ಮುಂದಿನ ವರ್ಷ ಇನ್ನೊಂದೂರಿಂದ ಹೋಗಬಹುದು, ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ದರ ಹೇಳುವ ಅಧಿಕಾರ ಹೆಸರಿನವನ ಕೈಲಿರುತ್ತದೆ.

ಇದು ನಮಗೆ ಹೊಸದೂ ಅಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತೀರಲ್ಲ, ಅದು ಪೇಟೆಯಲ್ಲಿ ಯಾವ ಹೆಸರಿನಲ್ಲಿ ಮಾರಾಟವಾಗುತ್ತದೆ? ನಂದಿನಿ. ಆ ಹೆಸರು ಯಾವ ಸಾಹುಕಾರನದೂ ಅಲ್ಲ, ಡೇರಿಗೆ ಹಾಲು ಹಾಕುವವರ ಸಂಘಗಳು ಸೇರಿ ಕಟ್ಟಿದ ಮಹಾಮಂಡಳದ್ದು. 2023ರ ಏಪ್ರಿಲ್‌ನಲ್ಲಿ ಅಮುಲ್‌ನವರು ಬೆಂಗಳೂರಿನಲ್ಲಿ ಆನ್‌ಲೈನ್ ಮೂಲಕ ಹಾಲು ಮೊಸರು ಮಾರುತ್ತೇವೆ ಎಂದಾಗ ರಾಜ್ಯದಲ್ಲೆಲ್ಲ ಎಷ್ಟು ಗದ್ದಲವಾಯಿತು ನೆನಪಿದೆಯಲ್ಲ? ಬರೀ ಹಾಲಿನ ಮಾತಾಗಿದ್ದರೆ ಅಷ್ಟು ಜನ ಮಾತಾಡುತ್ತಿರಲಿಲ್ಲ, ಅದು ಹೆಸರಿನ ಮಾತಾಗಿತ್ತು. ಅಂಥ ಹೆಸರು ನಮ್ಮ ಬೆಲ್ಲಕ್ಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಟನ್ ಕಬ್ಬು ಅರೆದರೆ ಹೆಚ್ಚು ಕಡಿಮೆ ನೂರು ಕಿಲೋ ಬೆಲ್ಲ. ಮಾರುಕಟ್ಟೆಯಲ್ಲಿ ಕಿಲೋಗೆ 50 ರೂಪಾಯಿ ಎಂದು ಹಿಡಿಯಿರಿ. ಇದು ಲೆಕ್ಕಕ್ಕೆ ಹಿಡಿದ ದರ ಅಷ್ಟೇ, ನಾಳೆ ಇಷ್ಟೇ ಕೊಡಿಸುತ್ತೇವೆ ಎಂದು ನಾವು ಹೇಳಿದ್ದಲ್ಲ! ಮೊಬೈಲಿನಲ್ಲಿ ನೋಡಿದರೆ ಪೊಟ್ಟಣದ ಬೆಲ್ಲಕ್ಕೆ ಇದರ ಎರಡು ಪಟ್ಟಿಗಿಂತ ಹೆಚ್ಚು ಬೆಲೆ ಕಾಣುತ್ತದೆ. ಅದನ್ನು ನೋಡಿದವರೆಲ್ಲ ನಮ್ಮನ್ನು ಲೂಟಿ ಹೊಡೀತಾವ್ರೆ ಅಂತಾರೆ. ಪೂರಾ ಹಾಗಲ್ಲ. ನಾವೇ 900 ಗ್ರಾಂ ಪೊಟ್ಟಣ ಮಾಡಿ 130 ರೂಪಾಯಿಗೆ ಮಾರಿದೆವು ಎನ್ನಿ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇಕಡ 5 ಜಿಎಸ್‌ಟಿ ಬಂತು, ಅದಕ್ಕೆ 6 ರೂಪಾಯಿ. ಪೊಟ್ಟಣ, ಲೇಬಲ್, ರಟ್ಟಿನ ಡಬ್ಬ 15. ಆನ್‌ಲೈನ್ ಅಂಗಡಿಯವರ ಕಮಿಷನ್, ಫೀಜು 20. ಕೊರಿಯರ್ 45. ಎಲ್ಲ ಕಳೆದರೆ ಕೈಗೆ 44. ಒಳಗಿರುವ ಬೆಲ್ಲದ ಬೆಲೆಯೇ 45! ಅಂದರೆ ಇಷ್ಟೆಲ್ಲ ಒದ್ದಾಡಿ ಒಂದು ರೂಪಾಯಿ ಲುಕ್ಸಾನು.

ಅದೇ ಮೂರು ಪೊಟ್ಟಣವನ್ನು ಒಂದೇ ಡಬ್ಬದಲ್ಲಿ ಕಳಿಸಿದರೆ? ಬಂದದ್ದು 390. ತೆರಿಗೆ 18, ಪೊಟ್ಟಣ ಡಬ್ಬ ಸೇರಿ 36, ಕಮಿಷನ್ 60, ಕೊರಿಯರ್ 90 ಎಂದು ಹಿಡಿಯಿರಿ. ಉಳಿದದ್ದು 186. ಬೆಲ್ಲದ ಬೆಲೆ 135 ಕಳೆದರೆ 51. ಅದರಲ್ಲಿ ಪೊಟ್ಟಣ ಕಟ್ಟಿದ ತಾಯಂದಿರ ಕೂಲಿ, ಒಡೆದು ವಾಪಸು ಬಂದದ್ದರ ನಷ್ಟ, ಎಲ್ಲ ಹೋಗಿ ಸ್ವಲ್ಪ ಉಳಿಯುತ್ತದೆ. ಆದ್ದರಿಂದ ಒಂದೊಂದು ಪೊಟ್ಟಣ ಮಾರುವ ಆಸೆ ಬಿಡಬೇಕು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಸೇರಿ ಐವತ್ತು ಪೊಟ್ಟಣ ಒಟ್ಟಿಗೆ ಕೇಳಿದರೆ ಕೊರಿಯರ್ ಯಾಕೆ ಬೇಕು, ತರಕಾರಿ ಗಾಡಿಯಲ್ಲೇ ಕಳಿಸಬಹುದು.

900 ಗ್ರಾಂ ಯಾಕೆ, ಪೂರಾ ಕಿಲೋ ಯಾಕಲ್ಲ ಎಂದು ಆಡಳಿತ ಮಂಡಳಿಯಲ್ಲೂ ಕೇಳಿದರು. ಕೊರಿಯರಿನವರು ಸಾಮಾನ್ಯವಾಗಿ ಅರ್ಧರ್ಧ ಕಿಲೋ ಲೆಕ್ಕದಲ್ಲಿ ದರ ಹಾಕುತ್ತಾರೆ. ಕಿಲೋ ಬೆಲ್ಲಕ್ಕೆ ಡಬ್ಬದ ತೂಕ ಸೇರಿದರೆ ಒಂದೂವರೆ ಕಿಲೋ ದರ ಬೀಳುತ್ತದೆ. 900 ಗ್ರಾಂ ಆದರೆ ಡಬ್ಬ ಸೇರಿ ಕಿಲೋ ಒಳಗೇ ನಿಲ್ಲುತ್ತದೆ. ಹಗುರವಾದ ಮಾಲಿಗೆ ಇನ್ನೊಂದು ತರಲೆ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಅದನ್ನೇ ತೂಕ ಎನ್ನುವುದೂ ಉಂಟು. ಪುರಿ ಮಾರುವವನಿಗೆ ಇದು ಕಷ್ಟ. ದೇವರ ದಯೆ, ಬೆಲ್ಲ ಭಾರದ ಪದಾರ್ಥ.

ಹೆಸರಿನ ವಿಚಾರ. ಕೆಲವು ಯುವಕರು 'ಮಂಡ್ಯ ಬೆಲ್ಲ' ಅಂತಲೇ ಇಟ್ಟುಬಿಡೋಣ ಎಂದರು. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಬರೀ ಊರಿನ ಹೆಸರನ್ನೋ ಬರೀ ಮಾಲಿನ ಹೆಸರನ್ನೋ ಒಬ್ಬರ ಸ್ವತ್ತಾಗಿ ಸಾಮಾನ್ಯವಾಗಿ ಬರೆದುಕೊಡುವುದಿಲ್ಲ. ನ್ಯಾಯವೇ, ಮಂಡ್ಯ ನಮ್ಮೊಬ್ಬರದೇ? ಬೇರೆ ಯಾರೂ ಇಟ್ಟಿರದ, ಬಾಯಲ್ಲಿ ನಿಲ್ಲುವ ಹೆಸರು ಬೇಕು. ಬೆಲ್ಲ, ಸಕ್ಕರೆ, ಕಾಫಿ ಇವು 30ನೇ ವರ್ಗಕ್ಕೆ ಸೇರುತ್ತವೆ. ಒಂದು ವರ್ಗಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 9000 ರೂಪಾಯಿ, ಸಣ್ಣ ಉದ್ದಿಮೆಯೆಂದು ನೋಂದಣಿ ಇದ್ದರೆ 4500. ಒಮ್ಮೆ ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ಅರ್ಜಿ ಸಂಘದ ಹೆಸರಿನಲ್ಲೇ ಹೋಗಬೇಕು. ಯಾವ ನಿರ್ದೇಶಕನ ಹೆಸರಿನಲ್ಲೂ ಹೋಗಕೂಡದು, ನಮ್ಮ ಹೆಸರಿನಲ್ಲೂ ಕೂಡದು. ಇದನ್ನು ನಡವಳಿ ಪುಸ್ತಕದಲ್ಲಿ ಬರೆಸಿದ್ದೇವೆ.

ಪೊಟ್ಟಣದ ಮೇಲೆ ಏನೇನಿರಬೇಕು ಎಂಬುದಕ್ಕೆ 2011ರ ಪೊಟ್ಟಣ ಸಾಮಗ್ರಿ ನಿಯಮಗಳಿವೆ. ತಯಾರಿಸಿದವರ ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ಗ್ರಾಂಗೆ ಎಷ್ಟು ಬೀಳುತ್ತದೆಂಬ ದರ, ತಿಂಗಳು ವರ್ಷ, ದೂರು ಹೇಳಲು ಫೋನ್ ನಂಬರು. ಇದಲ್ಲದೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು. ಇದೆಲ್ಲ ಕಾಟ ಅಂತ ತಿಳಿಯಬೇಡಿ. ದೊಡ್ಡ ಆನ್‌ಲೈನ್ ಅಂಗಡಿಯವರು ಕೊಂಡವರ ಫೋನ್ ನಂಬರನ್ನು ನಮಗೆ ಸಲೀಸಾಗಿ ಕೊಡುವುದಿಲ್ಲ, ಗಿರಾಕಿ ಅವರ ಗಿರಾಕಿಯಾಗಿಯೇ ಉಳಿಯಬೇಕು. ಆದರೆ ಕಾಯ್ದೆಯೇ ನಮ್ಮ ನಂಬರನ್ನು ಪೊಟ್ಟಣದ ಮೇಲೆ ಹಾಕಿಸುತ್ತದೆ! ಬೆಲ್ಲ ಹಿಡಿಸಿದ ಮನೆಯವರು ಎರಡನೇ ಸಲ ನೇರವಾಗಿ ಸಂಘಕ್ಕೇ ಫೋನ್ ಮಾಡಿದರೆ ಕಮಿಷನ್ ಉಳಿಯಿತಲ್ಲ. ಫೋನ್ ಎತ್ತಿ ಮರ್ಯಾದೆಯಿಂದ ಮಾತಾಡುವ ಒಬ್ಬರು ಮಾತ್ರ ಕಚೇರಿಯಲ್ಲಿ ಇರಬೇಕು. ನಮ್ಮ ಕಾರ್ಯದರ್ಶಿಗಳ ದನಿ ಸ್ವಲ್ಪ ಜೋರು, ಅವರು ಬೇಸರ ಮಾಡಿಕೊಳ್ಳಬಾರದು.

ಇನ್ನು ನಿಜವಾದ ಕಷ್ಟದ ಮಾತು. ಈ ಯೋಜನೆ ಹೊರಗೆ ಗೊತ್ತಾದ ಮೇಲೆ ಪೇಟೆಯ ಒಬ್ಬ ವರ್ತಕರು ಸಂಘಕ್ಕೆ ಬಂದಿದ್ದರು. ಹೆಸರು ಬೇಡ. "ನಿಮಗೆ ಯಾಕೆ ಆಲೆಮನೆ, ಪರೀಕ್ಷೆ ತಂಟೆ? ಹಳದಿಯಾಗಿ ಹೊಳೆಯೋ ಬೆಲ್ಲ ನಾವು ಕೊಡ್ತೀವಿ, ಕಡಿಮೆಗೆ ಕೊಡ್ತೀವಿ. ನಿಮ್ಮ ಚೀಟಿ ಅಂಟಿಸಿ ಮಾರ್ಕೊಳ್ಳಿ" ಎಂದರು. ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯ ಬಂತು, ಮುಚ್ಚಿಡುವುದೇನೂ ಇಲ್ಲ. ಮಳೆಗಾಲದಲ್ಲಿ ನಮ್ಮ ಬೆಲ್ಲ ಮುಗಿದಾಗಲಾದರೂ ಅವರದು ತುಂಬೋಣ, ಗಿರಾಕಿ ತಪ್ಪಬಾರದು ಎಂದು ಕೆಲವರು. ಅವರ ಮಾತಿನಲ್ಲೂ ಅರ್ಥವಿದೆ. ಆನ್‌ಲೈನ್ ಅಂಗಡಿಯಲ್ಲಿ ಮಾಲು ಇಲ್ಲ ಎಂದು ಎರಡು ತಿಂಗಳು ತೋರಿಸಿದರೆ ನಮ್ಮ ಸರಕು ಪಟ್ಟಿಯ ತಳಕ್ಕೆ ಹೋಗುತ್ತದೆ.

ನಾವು ಇದಕ್ಕೆ ವಿರೋಧವಾಗಿ ನಿಂತೆವು, ಈಗಲೂ ನಿಂತಿದ್ದೇವೆ. ಆ ಹೊಳಪು ಎಲ್ಲಿಂದ ಬರುತ್ತದೆ ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಕೊಪ್ಪರಿಗೆಗೆ ಹೈಡ್ರೋಸ್ ಸುರಿದರೆ ಪಾಕ ಚಿನ್ನದಂತೆ ಕಾಣುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ 70 ಭಾಗ ಮೀರಬಾರದೆಂದು ಕಾನೂನಿದೆ. ಅಳತೆ ಇಲ್ಲದೆ ಸುರಿಯುವವನು ಇದನ್ನು ಎಲ್ಲಿ ನೋಡುತ್ತಾನೆ? ಸಾಲದ್ದಕ್ಕೆ ಆ ಬೆಲ್ಲ ಇಟ್ಟಷ್ಟೂ ಬಣ್ಣ ತಿರುಗುತ್ತದೆ, ನೀರೊಡೆಯುತ್ತದೆ. ಹಿಂದೆ ಮಾರುಕಟ್ಟೆಗೆ ಹಾಕಿ ಬಂದರೆ ನಮ್ಮ ಜವಾಬ್ದಾರಿ ಮುಗಿಯುತ್ತಿತ್ತು. ಈಗ ಪೊಟ್ಟಣದ ಮೇಲೆ ಸಂಘದ ವಿಳಾಸ ಇರುತ್ತದೆ. ಮಾದರಿ ಪರೀಕ್ಷೆಯಲ್ಲಿ ಫೇಲಾದರೆ ನೋಟೀಸು ಬರುವುದು ವರ್ತಕರಿಗಲ್ಲ, ಇಲ್ಲಿಗೆ. ಕೊಂಡವರು ಮೊಬೈಲಿನಲ್ಲಿ ಒಂದು ನಕ್ಷತ್ರ ಕೊಟ್ಟು ಎರಡು ಸಾಲು ಬರೆದರೆ ಅದನ್ನು ಅಳಿಸುವ ರಬ್ಬರು ನಮ್ಮಲ್ಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನ ಬೆಲ್ಲಕ್ಕೆ ನಮ್ಮ ಚೀಟಿ ಅಂಟಿಸುವುದಾದರೆ ಈ ಸಂಘ ಯಾಕೆ ಬೇಕು? ಅದನ್ನು ಮಾಡಲು ಪೇಟೆಯಲ್ಲಿ ಬೇಕಾದಷ್ಟು ಜನರಿದ್ದಾರೆ, ನಮಗಿಂತ ಚೆನ್ನಾಗಿಯೇ ಮಾಡುತ್ತಾರೆ.

ಆದ್ದರಿಂದ ಡೇರಿಯ ಕ್ರಮವನ್ನೇ ಇಲ್ಲಿಗೂ ತರಬೇಕೆಂದು ನಮ್ಮ ಸೂಚನೆ. ಡೇರಿಯಲ್ಲಿ ಯಾರ ಕ್ಯಾನಾದರೂ, ಅಧ್ಯಕ್ಷರ ಮನೆಯದ್ದಾದರೂ, ಪರೀಕ್ಷೆ ಆಗದೆ ಒಳಗೆ ಹೋಗುವುದಿಲ್ಲ. ಬೆಲ್ಲಕ್ಕೂ ಹಾಗೆಯೇ. ಒಂದೊಂದು ಆಲೆಮನೆಯ ಒಂದೊಂದು ದಿನದ ಬೆಲ್ಲಕ್ಕೆ ಒಂದು ನಂಬರು, ಆ ನಂಬರು ಪೊಟ್ಟಣದ ಮೇಲೂ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯಿರಿ, ಸುಣ್ಣದ ತಿಳಿ ಅಳತೆಯಲ್ಲಿ ಹಾಕಿ, ಅದು ಹಿಂದಿನವರ ಕ್ರಮ. ಹೈಡ್ರೋಸ್ ಬೇಡ. ಒಲೆಗೆ ಹಳೇ ಟೈರು, ಪ್ಲಾಸ್ಟಿಕ್ ಹಾಕಿದ ಆಲೆಮನೆಯ ಬೆಲ್ಲ ತೆಗೆದುಕೊಳ್ಳುವುದಿಲ್ಲ. ನಮ್ಮ ಅಣ್ಣನವರ ಆಲೆಮನೆಯಾದರೂ ಅಷ್ಟೇ, ಅವರು ಮುಂದೆಯೇ ಕೂತಿದ್ದಾರೆ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ, ಬರಲಿ. ಮೊಬೈಲಿನಲ್ಲಿ ಹಾಕುವ ಫೋಟೋದಲ್ಲಿ ಅದೇ ಬಣ್ಣ ಇರಬೇಕು. ಫೋಟೋ ಬೆಳ್ಳಗೆ ಮಾಡಿ ಕಳಿಸಿದರೆ ಗಿರಾಕಿ ಡಬ್ಬ ಬಿಚ್ಚಿದ ಕೂಡಲೇ ಹಳೇ ಬೆಲ್ಲ ಎಂದು ವಾಪಸು ಕಳಿಸುತ್ತಾನೆ. ಮಳೆಗಾಲಕ್ಕೆ ಅಚ್ಚು ಬೆಲ್ಲಕ್ಕಿಂತ ಚೆನ್ನಾಗಿ ಒಣಗಿಸಿದ ಪುಡಿ ಬೆಲ್ಲ ಮೇಲು, ಗಾಳಿಯಾಡದ ಪೊಟ್ಟಣದಲ್ಲಿ ನಿಲ್ಲುತ್ತದೆ. ಅದೂ ಮುಗಿದರೆ 'ಮುಂದಿನ ಅರೆತದವರೆಗೆ ಬೆಲ್ಲವಿಲ್ಲ' ಎಂದು ಬರೆದು ಹಾಕೋಣ.

ದುಡ್ಡಿನ ವಿಚಾರ. ನಿಮ್ಮಲ್ಲಿ ಅನೇಕರು ಮಂಡಿಯವರಿಂದ ಮುಂಗಡ ತಂದಿದ್ದೀರಿ, ಬೆಲ್ಲ ಅಲ್ಲಿಗೇ ಹಾಕಬೇಕು. ಅದು ನಮಗೂ ಗೊತ್ತು, ನಮ್ಮ ಮನೆಯಲ್ಲೂ ತಂದಿದ್ದುಂಟು. ಆನ್‌ಲೈನ್ ಅಂಗಡಿಯವರು ದುಡ್ಡು ಕೊಡುವುದು ಮಾಲು ಮುಟ್ಟಿ ಕೆಲವು ದಿನ ಕಳೆದ ಮೇಲೆ. ರೈತ ಅಲ್ಲಿಯವರೆಗೆ ಕಾಯಲಾರ. ಆದ್ದರಿಂದ ಬೆಲ್ಲ ಹಾಕಿದ ವಾರದೊಳಗೆ ಸಂಘ ಮಾರುಕಟ್ಟೆ ದರ ಕೊಡುವುದು, ವರ್ಷದ ಕೊನೆಗೆ ಉಳಿದ ಲಾಭವನ್ನು ಹಾಕಿದ ಬೆಲ್ಲದ ಪ್ರಮಾಣದಲ್ಲಿ ಬೋನಸ್ ಆಗಿ ಹಂಚುವುದು. ಲೆಕ್ಕ ಬೇರೆ, ಬ್ಯಾಂಕ್ ಖಾತೆ ಬೇರೆ. ಬೆಳೆ ಸಾಲದ ಹಣವನ್ನು ಇದಕ್ಕೆ ಮುಟ್ಟಕೂಡದು. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿದ ಪದಾರ್ಥವೇ ಬೆಲ್ಲ. ಪುಡಿ ಮಾಡುವ, ಒಣಗಿಸುವ ಯಂತ್ರಕ್ಕೆ ಸಹಾಯಧನ ಸಿಗುವುದೇ ಎಂದು ಕಾರ್ಯದರ್ಶಿಗಳು ಇಲಾಖೆಯಲ್ಲಿ ವಿಚಾರಿಸಲಿ. ಸಿಕ್ಕರೆ ಸಂತೋಷ, ಸಿಗದಿದ್ದರೆ ಕೈಯಲ್ಲೇ ಶುರು ಮಾಡೋಣ. ಸಹಾಯಧನ ನಂಬಿಕೊಂಡು ಕಟ್ಟಿದ ಕಟ್ಟಡಗಳು ಬಾಗಿಲು ಹಾಕಿಕೊಂಡು ನಿಂತಿರುವುದನ್ನು ಅಲ್ಲಲ್ಲಿ ನೋಡಿದ್ದೇವೆ.

ಬೆಳೆಸುವುದು ಹೇಗೆ ಎಂದು ಕೇಳುತ್ತೀರಿ. ಅಟ್ಟ ಹಾರದವನು ಬೆಟ್ಟ ಹಾರುತ್ತಾನೆಯೇ? ಮೊದಲ ವರ್ಷ ಪುಡಿ ಬೆಲ್ಲ ಒಂದೇ. ವಾಟ್ಸಾಪಿನಲ್ಲಿ ನಮ್ಮೂರಿನಿಂದ ಬೆಂಗಳೂರು, ಮೈಸೂರಿಗೆ ಹೋದ ಮಕ್ಕಳು, ನೆಂಟರು, ಅವರ ಅಕ್ಕಪಕ್ಕದವರು. ಅವರು ಬೈದರೂ ನಮ್ಮವರು, ತಪ್ಪು ತಿದ್ದಿಕೊಳ್ಳಬಹುದು. ಆಮೇಲೆ ದೊಡ್ಡ ಆನ್‌ಲೈನ್ ಅಂಗಡಿ, 2021ರ ಕೊನೆಯಲ್ಲಿ ಶುರುವಾದ ಒಎನ್‌ಡಿಸಿ ಎಂಬ ಜಾಲ ಇವುಗಳಲ್ಲಿ ಒಂದೊಂದಾಗಿ. ಎರಡನೇ ವರ್ಷ ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲ ಬೆರೆಸಿದ ಎಳ್ಳುಬೆಲ್ಲ ಮಾಡಬಹುದು. ಪೇಟೆಯಲ್ಲಿ ಈಗ ಕೊಬ್ಬರಿ ಹೆಚ್ಚುವಷ್ಟು ಪುರುಸೊತ್ತು ಯಾರಿಗಿದೆ? ಸ್ತ್ರೀಶಕ್ತಿ ಸಂಘದ ತಾಯಂದಿರು ಇದನ್ನು ನಮಗೆ ಬಿಡಿ ಎಂದು ಆಗಲೇ ಹೇಳಿದ್ದಾರೆ, ಕೂಲಿ ಎಷ್ಟು ಎಂದೂ ಕೇಳಿದ್ದಾರೆ. ಕೇಳಿದ್ದು ಸರಿ, ಶುರು ಮಾಡುವ ಮೊದಲೇ ಗೊತ್ತು ಮಾಡೋಣ.

ಮುಂದಿನ ಸರ್ವ ಸದಸ್ಯರ ಸಭೆಗೆ ಎರಡು ವಿಷಯ ಬರುತ್ತವೆ. ಒಂದು, ಬೈಲಾದಲ್ಲಿ ಈ ವ್ಯಾಪಾರಕ್ಕೆ ಅವಕಾಶ ಮಾಡುವ ತಿದ್ದುಪಡಿ. ಇನ್ನೊಂದು, ಹೊರಗಿನ ಬೆಲ್ಲ ತುಂಬಬೇಕೋ ಬೇಡವೋ ಎಂಬುದು. ಅದನ್ನು ನಾವು ಐದಾರು ನಿರ್ದೇಶಕರು ತೀರ್ಮಾನ ಮಾಡುವುದಲ್ಲ, ನೀವು ಕೈಯೆತ್ತಿ ಹೇಳಬೇಕು. ಕಚೇರಿ ಮೇಜಿನ ಮೇಲೆ ಒಂದು ನೋಟ್ ಬುಕ್ ಇಟ್ಟಿದ್ದೇವೆ. ಈ ಸಾಲಿನಲ್ಲಿ ಹೈಡ್ರೋಸ್ ಇಲ್ಲದ ಬೆಲ್ಲ ಎಷ್ಟು ಕ್ವಿಂಟಾಲ್ ಹಾಕಬಲ್ಲಿರಿ ಎಂದು ಹೆಸರಿನ ಮುಂದೆ ಬರೆದು ರುಜು ಮಾಡಿ. ಮಂಡಿಗೆ ಮುಂಗಡದ ಬೆಲ್ಲ ಹಾಕಿ ಉಳಿದದ್ದನ್ನಷ್ಟೇ ಬರೆಯಿರಿ, ಜಾಸ್ತಿ ಬರೆಯಬೇಡಿ. ಪಕ್ಕದಲ್ಲೇ ಒಂದು ಡಬ್ಬ ಇದೆ. ಪೊಟ್ಟಣಕ್ಕೆ ಒಳ್ಳೆಯ ಹೆಸರು ಹೊಳೆದವರು ಚೀಟಿ ಬರೆದು ಹಾಕಿ. ಮಕ್ಕಳೂ ಹಾಕಬಹುದು.