ಗಾಡಿಯ ಹೆಸರೂ ಗಿರಾಕಿಯ ನಿಷ್ಠೆಯೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾರಕ್ಕೆ ಒಂದೇ ದಿನ ದೊರೆಯುವ ಬಿಡುವಿನಲ್ಲಿ ನೀವೆಲ್ಲ ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ನಿಮ್ಮ ಸಂಸಾರಕ್ಕೆ ಸಂಬಂಧಪಟ್ಟ ಮಾತನ್ನೇ ಆಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಟಿಟ್ವಾಳಾ ಸ್ಟೇಶನ್ನಿನ ಹೊರಗೆ ಸಾಲಾಗಿ ನಿಂತಿರುವ ಮೋಟಾರ್ ಸೈಕಲ್ಲುಗಳನ್ನು ನೀವು ದಿನವೂ ನೋಡುತ್ತೀರಿ. ಊರು ಬೆಳೆದಂತೆ ಮನೆಗಳು ಸ್ಟೇಶನ್ನಿನಿಂದ ದೂರ ದೂರ ಸರಿದಿವೆ. ಬೆಳಗಿನ ಲೋಕಲ್ ತಪ್ಪಿದರೆ ಅರ್ಧ ದಿನದ ಪಗಾರಕ್ಕೆ ಸಂಚಕಾರ. ಹೀಗಿರುವಾಗ ಕಂತಿನ ಮೇಲೆ ಒಂದು ಗಾಡಿ ತೆಗೆದುಕೊಳ್ಳೋಣವೆಂಬ ಯೋಚನೆ ಮನೆಮನೆಯಲ್ಲಿಯೂ ಹುಟ್ಟುವುದು ಸಹಜವಷ್ಟೆ.

ಕಳೆದ ತಿಂಗಳು ಇದೇ ಮೇಜಿನ ಬಳಿ ನಮ್ಮ ಸದಸ್ಯರೊಬ್ಬರಿಗೂ ಅವರ ಮಗನಿಗೂ ಸಣ್ಣ ಚರ್ಚೆ ನಡೆಯಿತು. ತಂದೆಯವರು ಮೈಸೂರಿನ ಕಡೆಯವರು. ಪತ್ರಿಕೆಯ ಜಾಹೀರಾತನ್ನು ನೋಡಿ, "ನೋಡೋ, ನಮ್ಮ ಯೆಜ್ಡಿ ಮತ್ತೆ ಬಂದಿದೆ. ತೆಗೆದುಕೊಂಡರೆ ಅದನ್ನೇ ತೆಗೆದುಕೊಳ್ಳಬೇಕು" ಎಂದರು. ಮಗ, "ಅಪ್ಪಾ, ಹೆಸರು ನಿಮ್ಮದಿರಬಹುದು, ಕಂತು ಕಟ್ಟುವವನು ನಾನು" ಎಂದ. ಎಲ್ಲರೂ ನಕ್ಕೆವು. ಆದರೆ ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ಉದ್ಯಮದ ಚರಿತ್ರೆಯೇ ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಜಾವಾ ಎಂಬುದು ಚೆಕ್ ದೇಶದ ಗಾಡಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡನು. ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಆದ ಹೆಸರು ಜಾವಾ. 1950ರ ದಶಕದಲ್ಲಿ ಅದನ್ನು ನಮ್ಮ ಮುಂಬಯಿಗೆ ತರಿಸಿ ಮಾರುತ್ತಿದ್ದವರು ಇರಾನಿ ಮನೆತನದವರು. ಪರದೇಶದ ಗಾಡಿಗಳ ಆಮದಿಗೆ ಸರಕಾರ ಕಡಿವಾಣ ಹಾಕಿದಾಗ, ರುಸ್ತುಂ ಇರಾನಿಯವರೂ ಫಾರೂಖ್ ಇರಾನಿಯವರೂ ಇಲ್ಲಿಯೇ ತಯಾರಿಸಲು ಮುಂದಾದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ತಯಾರಿಕೆ ಆರಂಭವಾಯಿತು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವೂ ಅದಕ್ಕಿತ್ತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು.

ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆಗಳು. ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಸರಳು. ದೂರದಿಂದಲೇ ಗುರುತು ಸಿಗುವ ಸದ್ದು. ಕೆಟ್ಟ ರಸ್ತೆಗೂ ಭಾರಕ್ಕೂ ಅಂಜದ ಗಾಡಿ ಅದು. ತಂದೆ ಓಡಿಸಿದ್ದನ್ನು ಮಗ ಓಡಿಸಿದ. ಮಕ್ಕಳಿಗಿಂತ ಹೆಚ್ಚಾಗಿ ಅದನ್ನು ಒರೆಸಿ ತೊಳೆದವರೂ ಉಂಟು. ಗಿರಾಕಿಯ ನಿಷ್ಠೆ ಎಂದರೆ ಇದೇ. ಇಂಥ ನಿಷ್ಠೆಯನ್ನು ಯಾವ ಜಾಹೀರಾತಿನಿಂದಲೂ ಕೊಳ್ಳಲಾಗದು.

ಆದರೂ 1996ರಲ್ಲಿ ಆ ಕಾರ್ಖಾನೆ ನಿಂತುಹೋಯಿತು. ಏಕೆ?

1980ರ ದಶಕದಲ್ಲಿ ಜಪಾನಿನ ಕಂಪನಿಗಳು ಭಾರತೀಯರೊಡನೆ ಕೂಡಿ ಬಂದವು. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಎಂಬ ಫೋರ್ ಸ್ಟ್ರೋಕ್ ಗಾಡಿ ಪೇಟೆಗೆ ಇಳಿಯಿತು. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬುದೇ ಅದರ ಜಾಹೀರಾತಿನ ಸಾರ. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು; ಒಳಗೆ ಹೋದ ಪೆಟ್ರೋಲಿನಲ್ಲಿ ಒಂದಷ್ಟು ಸುಡದೆ ಹೊಗೆಯೊಡನೆ ಹೊರಟುಹೋಗುತ್ತದೆ. ನಾವೆಲ್ಲ ಗುಮಾಸ್ತರು, ಲೆಕ್ಕ ಬಲ್ಲವರು. ತಿಂಗಳಿಗೆ 600 ಕಿಲೋಮೀಟರು ಓಡಿಸುವವನಿಗೆ ಲೀಟರಿಗೆ 30 ಕೊಡುವ ಗಾಡಿಯಾದರೆ 20 ಲೀಟರು ಬೇಕು. 60 ಕೊಡುವುದಾದರೆ 10 ಲೀಟರು ಸಾಕು. ಉಳಿದ 10 ಲೀಟರಿನ ಹಣ ಮಕ್ಕಳ ಶಾಲೆಯ ಫೀಸಿಗಾಯಿತು. ಹೊಗೆಯ ಬಗ್ಗೆ ಸರಕಾರದ ನಿಯಮಗಳೂ 1990ರ ದಶಕದಲ್ಲಿ ಬಿಗಿಯಾದವು. ಪ್ರೀತಿ ಯೆಜ್ಡಿಯ ಮೇಲಿತ್ತು. ಪಗಾರ ಮಾತ್ರ ಬೇರೆ ಕಡೆಗೆ ಹೋಯಿತು. ಜನ ನಿಷ್ಠೆ ಕಳೆದುಕೊಂಡರೆಂದು ಅವರನ್ನು ದೂರುವುದು ನ್ಯಾಯವಲ್ಲ. ಗಿರಾಕಿಯ ಅಗತ್ಯ ಬದಲಾದರೂ ಸರಕು ಅಷ್ಟಾಗಿ ಬದಲಾಗಲಿಲ್ಲ.

ಇದಕ್ಕೆ ಪ್ರತಿಯಾಗಿ ಮದರಾಸಿನ ಎನ್‌ಫೀಲ್ಡನ್ನು ನೋಡಿರಿ. 1955ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಕೂಡಿ ಆರಂಭವಾದ ಅದು ಸೈನ್ಯಕ್ಕೂ ಪೋಲೀಸರಿಗೂ ಬುಲೆಟ್ ಗಾಡಿಗಳನ್ನು ಒದಗಿಸಿತು. ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿದ ಮೇಲೂ ಇಲ್ಲಿಯದು ಬದುಕಿತು. ಆದರೆ 2000ದ ಹೊತ್ತಿಗೆ ಅದರ ಒಡೆಯರಾದ ಐಷರ್ ಕಂಪನಿಯವರೇ ಅದನ್ನು ಮಾರುವ ಇಲ್ಲವೇ ಮುಚ್ಚುವ ಯೋಚನೆ ಮಾಡುವಷ್ಟು ಸ್ಥಿತಿ ಕೆಟ್ಟಿತ್ತು. ಆಗ ಹೊಣೆ ಹೊತ್ತ ತರುಣ ಸಿದ್ಧಾರ್ಥ ಲಾಲ್ ಅವರು ಗಾಡಿಯ ಹೊರಗಿನ ರೂಪವನ್ನು ಕೆಡಿಸದೆ ಒಳಗಿನ ದೋಷಗಳನ್ನು ತಿದ್ದಿಸಿದರು. ಎಣ್ಣೆ ಸೋರುವ ಹಳೆಯ ಎಂಜಿನ್ನಿನ ಬದಲು ಹೊಸ ಎಂಜಿನ್ ಬಂತು. 2009ರ ಕ್ಲಾಸಿಕ್ ಗಾಡಿಯಿಂದ ಕಂಪನಿಯ ದೆಸೆಯೇ ತಿರುಗಿತು. ಗಿರಾಕಿ ಯಾವುದನ್ನು ಪ್ರೀತಿಸುತ್ತಾನೆ, ಯಾವುದನ್ನು ಬರಿದೆ ಸಹಿಸುತ್ತಾನೆ ಎಂಬ ವ್ಯತ್ಯಾಸವನ್ನು ಅವರು ಅರಿತರು.

ಇನ್ನೊಂದು ಉದಾಹರಣೆ. 2010ರ ಡಿಸೆಂಬರಿನಲ್ಲಿ ಹೀರೋ ಮತ್ತು ಹೋಂಡಾ ಬೇರೆಯಾಗಲು ನಿಶ್ಚಯಿಸಿದವು. ಹೋಂಡಾ ಎಂಬ ಹೆಸರು ಹೋದರೆ ಹೀರೋ ಮುಳುಗುವುದೆಂದು ಶಂಕಿಸಿದವರಿದ್ದರು. ಅದು ಮುಳುಗಲಿಲ್ಲ. ಏಕೆಂದರೆ 1994ರಲ್ಲಿ ಬಂದ ಸ್ಪ್ಲೆಂಡರ್ ಗಾಡಿಯನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲಿಯೂ ಇದ್ದ. ಬಿಡಿಭಾಗ ಸಂತೆಯ ಊರಿನಲ್ಲಿಯೂ ಸಿಗುತ್ತಿತ್ತು. ನಿಷ್ಠೆಯೆಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಈ ಮೆಕ್ಯಾನಿಕ್ಕಿನ ಮೇಲಿನ ನಂಬಿಕೆ.

ನಮ್ಮ ಅನುಭವವನ್ನೂ ಹೇಳಿಬಿಡುತ್ತೇವೆ. ಒಮ್ಮೆ ನಾವು ಬರಿಯ ಹೆಸರಿಗೆ ಮರುಳಾಗಿ ಒಂದು ಗಾಡಿ ಕೊಂಡೆವು. ಒಂದು ಸಣ್ಣ ಬಿಡಿಭಾಗಕ್ಕಾಗಿ ಮೂರು ವಾರ ಕಲ್ಯಾಣಕ್ಕೆ ಅಲೆದೆವು. ಗಾಡಿ ಮನೆಯ ಮುಂದೆ, ನಾವು ಕಾಲ್ನಡಿಗೆಯಲ್ಲಿ. ಕಂತು ಮಾತ್ರ ತಪ್ಪದೆ ತಾರೀಖಿಗೆ ಸರಿಯಾಗಿ ಹೋಗುತ್ತಿತ್ತು.

ಈಗ ಮೈಸೂರಿಗೆ ಮರಳೋಣ. ಕಾರ್ಖಾನೆ ನಿಂತರೂ ಗಾಡಿಗಳು ನಿಲ್ಲಲಿಲ್ಲ. ಹಳೆಯ ಮೆಕ್ಯಾನಿಕ್ಕುಗಳೂ ಬಿಡಿಭಾಗ ಹುಡುಕಿ ಕೂಡಿಟ್ಟ ಅಭಿಮಾನಿಗಳೂ ಅವನ್ನು ಓಡಿಸಿದರು. ಈಗಲೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನಮ್ಮ ಊರುಗಳಲ್ಲಿ ಈ ಗಾಡಿಗಳ ಮೆರವಣಿಗೆ ಹೊರಡುತ್ತದೆ. ಈ ಪ್ರೀತಿಯ ಬೆಲೆಯನ್ನು ಬಂಡವಾಳಗಾರರು ಅರಿತರು. ಮಹೀಂದ್ರ ಕಂಪನಿಯ ಬೆಂಬಲವುಳ್ಳ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಪೇಟೆಗೆ ತಂದಿತು. ಎಂಜಿನ್ ಈಗ ಫೋರ್ ಸ್ಟ್ರೋಕ್. ತಯಾರಾಗುವುದು ಯಾದವಗಿರಿಯಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕದ ಹೈಕೋರ್ಟಿನವರೆಗೂ ಹೋಯಿತು.

ಬಂಧುಗಳೇ, ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. ಹೆಸರಿಗಾಗಿ ಹೊಡೆದಾಡಿದರು, ಹೆಸರು ಮರಳಿ ಬಂತು. ಆ ಹೆಸರಿಗೆ ಬೆವರು ಸುರಿಸಿ ಮಾನ ತಂದುಕೊಟ್ಟ ಮೈಸೂರಿನ ಕಾರ್ಮಿಕರ ಕೆಲಸ ಮರಳಲಿಲ್ಲ. ನಮಗೆ ಇದು ಹೊಸದೇನೂ ಅಲ್ಲ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವನ್ನು ಬಲ್ಲ ಮನೆಗಳು ನಮ್ಮಲ್ಲಿವೆ. ಗಿರಣಿಯ ಹೆಸರು ಹೊತ್ತ ಬಟ್ಟೆ ಅಂಗಡಿಯಲ್ಲಿ ಉಳಿಯಿತು. ಅದನ್ನು ನೇಯ್ದ ಕೈಗೆ ಕೆಲಸ ಉಳಿಯಲಿಲ್ಲ.

ಆದ್ದರಿಂದ ಗಾಡಿ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ. ನಮ್ಮ ದಿನದ ಓಡಾಟಕ್ಕೆ ಇದು ತಕ್ಕುದೇ? ಇದನ್ನು ರಿಪೇರಿ ಮಾಡುವವನೂ ಬಿಡಿಭಾಗವೂ ಟಿಟ್ವಾಳಾದಲ್ಲಿ ಇಲ್ಲವೇ ಕಲ್ಯಾಣದಲ್ಲಿ ಸಿಗುವುದೇ? ಕಂತು ಕಟ್ಟಿದ ಮೇಲೆ ಮನೆಯ ಖರ್ಚಿಗೂ ಊರಿಗೆ ಕಳಿಸುವ ಹಣಕ್ಕೂ ಕೊರತೆಯಾಗದೇ? ಮೂರಕ್ಕೂ ಉತ್ತರ ಸರಿಯಾಗಿದ್ದರೆ ಆಮೇಲೆ ಹೆಸರನ್ನು ನೋಡಿರಿ. ಅಭಿಮಾನವಿದ್ದರೆ ಅದೂ ಇರಲಿ. ನಿಷ್ಠೆ ದೊಡ್ಡ ಗುಣವೇ. ಆದರೆ ಅದು ಎರಡು ಕಡೆಯಿಂದಲೂ ಸಲ್ಲಬೇಕಾದ ಋಣ.

ಚರ್ಚೆ ಮಾಡಿದ ತಂದೆ ಮಗ ಇಬ್ಬರೂ ಇಂದು ಸಭೆಯಲ್ಲಿದ್ದಾರೆ. ಅವರು ಇನ್ನೂ ಗಾಡಿ ಕೊಂಡಿಲ್ಲ; ಮುಂದಿನ ಭಾನುವಾರ ಜೊತೆಯಾಗಿ ಮೆಕ್ಯಾನಿಕ್ಕನ್ನು ವಿಚಾರಿಸಲು ಹೊರಟಿದ್ದಾರಂತೆ. ನಮ್ಮ ಮಾತಿಗೆ ಇದಕ್ಕಿಂತ ಹೆಚ್ಚಿನ ಫಲವನ್ನು ನಾವು ಬಯಸುವುದಿಲ್ಲ.