ಯಂತ್ರದ ಕುರುಹೂ ವೈದ್ಯನ ಅರಿವೂ



ದೇಹವನ್ನು ದೇಗುಲವೆಂದು ಭಾವಿಸಿದವರು ನಮ್ಮ ಶರಣರು. ಆ ದೇಗುಲದ ಗೋಡೆಯನ್ನೊಡೆಯದೆ ಸಣ್ಣ ಕಿಂಡಿಗಳಿಂದಲೇ ಒಳಹೊಕ್ಕು ದುರಸ್ತಿ ಮಾಡುವ ವೈದ್ಯವಿದ್ಯೆಯೊಂದು ಇಂದು ಲೋಕದಲ್ಲಿ ನೆಲೆಗೊಂಡಿದೆ. 1901ರಲ್ಲಿ ಜರ್ಮನಿಯ ಕೆಲ್ಲಿಂಗನು ನಾಯಿಯ ಉದರವನ್ನು ನಳಿಕೆಯಿಂದ ನೋಡಿ ತೋರಿಸಿದನು. 1910ರಲ್ಲಿ ಸ್ವೀಡನ್ನಿನ ಯಾಕೋಬೇಯುಸನು ಮನುಷ್ಯರಲ್ಲಿ ಇದನ್ನು ನಡೆಸಿದ ವಿವರವನ್ನು ಪ್ರಕಟಿಸಿದನು. 1985ರಲ್ಲಿ ಜರ್ಮನಿಯ ಮ್ಯೂಹೆ ಎಂಬಾತನು ಈ ಮಾರ್ಗದಿಂದಲೇ ಪಿತ್ತಕೋಶವನ್ನು ಹೊರತೆಗೆದನು. ಉದರದಲ್ಲಿ ಇಂಗಾಲಾಮ್ಲವಾಯುವನ್ನು ತುಂಬಿ ಎಡೆಮಾಡಿಕೊಂಡು, ಒಂದು ಕಿಂಡಿಯಿಂದ ಕ್ಯಾಮೆರಾವನ್ನೂ ಉಳಿದವುಗಳಿಂದ ನೀಳವಾದ ಶಸ್ತ್ರಗಳನ್ನೂ ಇಳಿಸುವುದೇ ಇದರ ಕ್ರಮ. ಇದರಿಂದ ಗಾಯ ಕಿರಿದು, ನೋವು ಅಲ್ಪ, ಚೇತರಿಕೆ ಬೇಗ.

ಆದರೆ ಈ ಲಾಭಕ್ಕೆ ಬೆಲೆಯುಂಟು. ವೈದ್ಯನ ಬೆರಳಿಗೆ ನೇರ ಸ್ಪರ್ಶವಿಲ್ಲ. ಒಂದೇ ಕಣ್ಣಿನ ಕ್ಯಾಮೆರಾ ತೋರುವ ಚಿತ್ರದಲ್ಲಿ ಆಳವೂ ಸರಿಯಾಗಿ ತಿಳಿಯದು. ಪಿತ್ತನಾಳಕ್ಕೆ ಗಾಯವಾದ 252 ಪ್ರಸಂಗಗಳನ್ನು ಪರಿಶೀಲಿಸಿ ಅಮೇರಿಕದ ವೈದ್ಯರು 2003ರಲ್ಲಿ ಪ್ರಕಟಿಸಿದ ಲೇಖನವು, ನೂರಕ್ಕೆ 97ರಲ್ಲಿ ಮೂಲದೋಷವು ಕೈಯದಲ್ಲ, ಕಣ್ಣಿನ ಭ್ರಾಂತಿಯದೆಂದು ಹೇಳಿತು. ಒಂದು ನಾಳವನ್ನು ಮತ್ತೊಂದೆಂದು ನಿಶ್ಚಯಿಸಿ ಕತ್ತರಿಸಿದರೆ ರೋಗಿಯ ಬಾಳೇ ಸಂಕಟಕ್ಕೊಳಗಾಗುವುದು.

ಈ ಭ್ರಾಂತಿಯನ್ನು ನೀಗಲೆಂದೇ ಗಣಕಯಂತ್ರಕ್ಕೆ ನೋಡುವುದನ್ನು ಕಲಿಸುತ್ತಿರುವರು. ಮೊದಲೇ ತೆಗೆದ ಸಿ.ಟಿ. ಚಿತ್ರಗಳಿಂದ ಯಕೃತ್ತು, ರಕ್ತನಾಳ, ಗೆಡ್ಡೆಗಳ ಆಕೃತಿಯನ್ನು ಯಂತ್ರದಲ್ಲಿ ಕಟ್ಟುವರು. ಯಂತ್ರವು ಕ್ಯಾಮೆರಾದ ಚಿತ್ರದಲ್ಲಿನ ಗುರುತುಗಳನ್ನು ಹಿಂಬಾಲಿಸಿ, ಕ್ಯಾಮೆರಾ ಇರುವ ತಾಣವನ್ನು ಗಣಿಸಿ, ಆ ಆಕೃತಿಯನ್ನು ಕಾಣುವ ಅಂಗದ ಮೇಲೆ ನೆರಳಿನಂತೆ ಹೊದಿಸುವುದು. ಹೀಗೆ ಮಾಂಸದೊಳಗೆ ಮರೆಯಾದ ನಾಳವೂ ಕಾಣಿಸಿದಂತಾಗುವುದು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಮಾರೆಸ್ಕೋ ಮತ್ತು ಸಂಗಡಿಗರು 2004ರಲ್ಲಿ ಮೂತ್ರಪಿಂಡದ ಮೇಲಣ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಿ ಇದನ್ನು ಬಳಸಿದುದನ್ನು ಪ್ರಕಟಿಸಿದರು.

ತೊಡಕೆಲ್ಲಿ? ಚಿತ್ರ ತೆಗೆದಾಗ ಇದ್ದ ಯಕೃತ್ತು ಶಸ್ತ್ರಕ್ರಿಯೆಯ ವೇಳೆಗೆ ಹಾಗೆಯೇ ಇರುವುದಿಲ್ಲ. ವಾಯುವಿನ ಒತ್ತಡ, ಉಸಿರಾಟ, ಶಸ್ತ್ರದ ಸೆಳೆತಗಳಿಂದ ಅದು ಬಾಗುವುದು, ಸರಿಯುವುದು. ನೆರಳು ಕೆಲವೇ ಮಿಲಿಮೀಟರು ತಪ್ಪಿದರೂ ಶಸ್ತ್ರವು ತಪ್ಪುದಾರಿ ಹಿಡಿಯಬಹುದು. ಇನ್ನೊಂದು ಅಪಾಯವು ಸೂಕ್ಷ್ಮವಾದುದು. 2013ರಲ್ಲಿ ಕೆನಡಾದ ಸಂಶೋಧಕರು 32 ಮಂದಿ ಶಸ್ತ್ರವೈದ್ಯರನ್ನು ಶವದ ಮೇಲೆ ಪರೀಕ್ಷಿಸಿದರು. ನೆರಳುಚಿತ್ರದ ನೆರವು ಪಡೆದವರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ಕಣ್ಣೆದುರಿಗೇ ಇರಿಸಿದ್ದ ಅನಿರೀಕ್ಷಿತ ವಸ್ತುವನ್ನು ಗಮನಿಸದೆ ಹೋದವರು ಅವರಲ್ಲಿಯೇ ಹೆಚ್ಚು.

ಮಹನೀಯರೇ, ಕುರುಹು ಅರಿವಿಗಾಗಿ, ಅರಿವು ಕುರುಹಿನಲ್ಲಿಯೇ ನಿಂತುಬಿಡುವುದಕ್ಕಲ್ಲ ಎಂಬುದು ನಮ್ಮ ಸಂಪ್ರದಾಯಕ್ಕೆ ಹೊಸ ಮಾತಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವನೂ ಎಚ್ಚರ ತಪ್ಪಿದರೆ ಅದರ ಒಳಗನ್ನು ಕಾಣಲಾರನು. ಯಂತ್ರದ ಕುರುಹನ್ನು ತುಚ್ಛವೆಂದು ತಳ್ಳುವುದು ಅವಿವೇಕ. ಅದನ್ನೇ ಸತ್ಯವೆಂದು ನಂಬಿ ಕಣ್ಮುಚ್ಚುವುದು ಇನ್ನೂ ದೊಡ್ಡ ಅವಿವೇಕ. ಕತ್ತರಿಸುವ ಮುನ್ನ ಒಂದು ಕ್ಷಣ ನಿಂತು, ನೆರಳನ್ನು ಸರಿಸಿ, ನಿಜವಾದ ಅಂಗವನ್ನು ಮತ್ತೊಮ್ಮೆ ನೋಡುವ ವೈದ್ಯನ ಕಾಯಕವೇ ಪೂಜೆ. ವೈದ್ಯವಿದ್ಯೆಗೆ ಹೋಗುವ ಮಠದ ಮಕ್ಕಳು ಇದನ್ನು ಮರೆಯದಿರಲೆಂದು ಹಾರೈಸಿ ವಿರಮಿಸುವೆನು.