ವಾಯುನೆಲೆಯೊಳಗೊಂದು ಊರಿನ ವಿಮಾನ ನಿಲ್ದಾಣ



ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಮಾರ್ಗ ನಿಮ್ಮಲ್ಲಿ ಹಲವರಿಗೆ ಗೊತ್ತು. 1894ರಲ್ಲಿ ಅದನ್ನು ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. 2001ರಲ್ಲಿ ಗಣಿಗಳು ಮುಚ್ಚಿದವು, ರೈಲು ನಿಲ್ಲಲಿಲ್ಲ. ಇಂದು ಊರ್ಗಾಂ, ಚಾಂಪಿಯನ್ ನಿಲ್ದಾಣಗಳಲ್ಲಿ ಹತ್ತುವವರಲ್ಲಿ ಬಹಳ ಮಂದಿ ಬೆಂಗಳೂರಿನ ಕೆಲಸಕ್ಕೆ, ಕಾಲೇಜಿಗೆ ಹೊರಟವರು. ಒಂದು ಉದ್ದೇಶಕ್ಕೆ ಕಟ್ಟಿದ್ದು ಇನ್ನೊಂದಕ್ಕೆ ಒದಗಿತು. ಸೇನೆಯ ವಿಮಾನ ನೆಲೆಯೂ ಹೀಗೆ ಜನರಿಗೆ ಒದಗಬಲ್ಲದೆ? ರಾಜ್ಯದ ಉತ್ತರ ತುದಿಯ ಬೀದರನ್ನು ನೋಡೋಣ.

ಬೀದರಿನಲ್ಲಿರುವುದು ಭಾರತೀಯ ವಾಯುಪಡೆಯ ತರಬೇತಿ ನೆಲೆ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಸೇವೆಗೆ ಸೇರಿದ್ದು ಇಲ್ಲಿಯೇ. 2020ರ ಫೆಬ್ರವರಿ 7ರಂದು ಇದೇ ನೆಲೆಯಿಂದ ಬೆಂಗಳೂರಿಗೆ ನಾಗರಿಕ ವಿಮಾನ ಸಂಚಾರ ಆರಂಭವಾಯಿತು.

ವಾಯುಪಡೆ ಇಲ್ಲಿಂದ ಹೊರಟುಹೋಗಿಲ್ಲ ಎಂಬುದನ್ನು ಗಮನಿಸಿ. ರನ್‌ವೇ ವಾಯುಪಡೆಯದು. ನಾಗರಿಕರ ಪಾಲಿಗೆ ಇರುವುದು ಒಂದು ಟರ್ಮಿನಲ್ ಕಟ್ಟಡ, ವಿಮಾನ ನಿಲ್ಲುವ ಅಂಗಳ ಮತ್ತು ಅವನ್ನು ರನ್‌ವೇಗೆ ಸೇರಿಸುವ ದಾರಿ. ಹೊಸ ರನ್‌ವೇಯ ಭಾರಿ ಖರ್ಚು ಉಳಿಯುತ್ತದೆ. ಆದರೆ ವೇಳಾಪಟ್ಟಿಯನ್ನು ತರಬೇತಿಯ ಹೊತ್ತಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ನೆಲ ಸಿಕ್ಕಿದರೂ ಕರಾರುಗಳು ಅಡ್ಡ ಬರುತ್ತವೆ. ಹೈದರಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರಿನೊಳಗೆ ಪೈಪೋಟಿಯ ನಿಲ್ದಾಣ ಬರಬಾರದೆಂಬ ನಿಯಮವಿತ್ತು. ಬೀದರ್ ಆ ವ್ಯಾಪ್ತಿಯೊಳಗಿದ್ದುದರಿಂದ ಬಹಳ ವರ್ಷ ಕಾಯಬೇಕಾಯಿತು.

ಆಮೇಲೆ ಉಳಿಯುವುದು ಪ್ರಯಾಣಿಕರ ಪ್ರಶ್ನೆ. ಕೇಂದ್ರದ 'ಉಡಾನ್' ಯೋಜನೆಯಲ್ಲಿ ಸಣ್ಣ ಊರುಗಳ ಮಾರ್ಗಗಳಿಗೆ ಮೂರು ವರ್ಷ ನಷ್ಟ ತುಂಬುವ ಸಹಾಯಧನವಿರುತ್ತದೆ. ಅದಕ್ಕೆ ಪ್ರತಿಯಾಗಿ ಕೆಲವು ಸೀಟುಗಳ ದರಕ್ಕೆ ಮಿತಿ ಇರುತ್ತದೆ. ಆ ಅವಧಿಯೊಳಗೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಬೀದರಿನಲ್ಲಿ ಮೊದಲ ಸಂಸ್ಥೆಯ ಹಾರಾಟ ನಿಂತಿತು. 2022ರಲ್ಲಿ ಇನ್ನೊಂದು ಸಂಸ್ಥೆ ಬಂತು; 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಸಂಚಾರ ಮತ್ತೆ ಆರಂಭವಾಯಿತು. ರನ್‌ವೇ ಎಲ್ಲಿಯೂ ಹೋಗಿರಲಿಲ್ಲ, ಟರ್ಮಿನಲ್ ಕಟ್ಟಡವೂ ಇತ್ತು. ಆದರೂ ಆ ನಡುವೆ ಊರಿನವರು ವಿಮಾನಕ್ಕಾಗಿ ಹೈದರಾಬಾದಿಗೇ ಹೋಗಬೇಕಾಯಿತು.

ವಿದ್ಯಾರ್ಥಿಗಳೇ, ಇಲ್ಲಿ ಕಲಿಯಬೇಕಾದ ಪಾಠ ಒಂದಿದೆ. ಡಾಂಬರು, ಕಾಂಕ್ರೀಟು, ಕಟ್ಟಡ ಇವು ಸೌಕರ್ಯದ ಅರ್ಧ ಭಾಗ ಮಾತ್ರ. ಅದನ್ನು ದಿನವೂ ಬಳಸುವ ಜನ ಉಳಿದರ್ಧ. ಮಾರಿಕುಪ್ಪಂ ಮಾರ್ಗವನ್ನು ಉಳಿಸಿದ್ದು ಗಣಿಯ ನೆನಪಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ರೈಲು ಹತ್ತುವ ಸಾವಿರಾರು ಮಂದಿ.

ನಾಳೆ ನೀವು ನಿಮ್ಮ ಊರಿಗೆ ವಿಮಾನ ನಿಲ್ದಾಣವನ್ನೋ, ಬೇರೊಂದು ಸೌಕರ್ಯವನ್ನೋ ಕೇಳುವ ಪ್ರಜೆಗಳಾಗುವಿರಿ. ಕೇಳುವುದು ನಿಮ್ಮ ಹಕ್ಕು. ಆದರೆ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಿ: ಯಾರು ಬಳಸುತ್ತಾರೆ? ವಾರಕ್ಕೆ ಎಷ್ಟು ಸಲ? ಸಹಾಯಧನ ನಿಂತ ಮೇಲೆ ಯಾರು ನಡೆಸುತ್ತಾರೆ? ಉತ್ತರ ಸಿದ್ಧವಿದ್ದರೆ ನಿಮ್ಮ ಬೇಡಿಕೆಗೆ ಬಲ ಬರುತ್ತದೆ.